ವಾಲುವ ಅಕ್ಷರಗಳ ಲೆಕ್ಕ

ಬೋರ್ಡಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅಂಗಡಿಗಳ ಹಣೆಯ ಮೇಲೆ, ಗೋಡೆಗಳ ಮೇಲೆ ಹೆಸರು ಬರೆಯುವುದು ಅವಳ ಕಸುಬು. ಮದುವೆಯಾದ ಹೊಸತರಲ್ಲಿ ಗಂಡನ ಲಾರಿಯ ಹಿಂಬದಿಯ ಮಾಸಿದ ನಂಬರನ್ನು ಸುಮ್ಮನೆ ತಿದ್ದಿಕೊಟ್ಟಿದ್ದಳು. ಅದನ್ನು ಕಂಡ ಇನ್ನೊಬ್ಬ ಡ್ರೈವರ್ ತನ್ನ ಲಾರಿಯನ್ನೂ ತಂದು ಮನೆಮುಂದೆ ನಿಲ್ಲಿಸಿದ. ಅಂದು ಹಿಡಿದ ಬ್ರಷ್ಷನ್ನು ಅವಳು ಕೆಳಗಿಟ್ಟಿಲ್ಲ. ಎಷ್ಟುದ್ದದ ಗೆರೆಯಾದರೂ ಒಂದೇ ಉಸಿರಿಗೆ ಎಳೆಯುತ್ತಾಳೆ. ಆ ಹೊತ್ತಿನಲ್ಲಿ ಯಾರೇ ಮಾತಾಡಿಸಲಿ, ಉತ್ತರ ಸಿಗುವುದು ಗೆರೆ ಮುಗಿದ ಮೇಲೆಯೇ.

ಬಲಕ್ಕೆ ತುಸು ವಾಲಿ, ಎಲ್ಲಿಗೋ ಅವಸರದಲ್ಲಿ ಹೊರಟಂತೆ ಕಾಣುವ ಅವಳ ಅಕ್ಷರಗಳಿಗೆ ಬೇಡಿಕೆ ಜಾಸ್ತಿ. ಎಲ್ಲವೂ ಒಂದೇ ಸಮ ವಾಲಲಿ ಎಂದು ಒಂದು ರಟ್ಟಿನ ತ್ರಿಕೋನ ಇಟ್ಟುಕೊಂಡಿದ್ದಳು. ಎತ್ತರ ಆರಿಂಚು, ಅಡ್ಡ ಎರಡಿಂಚು. ಅದರ ಓರೆ ಅಂಚಿಗೆ ಚಾಕ್ ಹಿಡಿದು ಗೆರೆ ಎಳೆದುಕೊಂಡು, ಗೆರೆಗಳ ನಡುವೆ ಅಕ್ಷರ ಕೂರಿಸುವಳು.

ಒಮ್ಮೆ ಸೈಕಲ್ ಅಂಗಡಿಯವನು ಒಂದು ಗೋಡೆಯನ್ನು ಪೂರ್ತಿ ಅವಳಿಗೆ ಒಪ್ಪಿಸಿದ. ಮೇಲೆ ‘ಹಳೇ ಸೈಕಲ್ಲಿಗೆ’ ಎಂದು ಆರಿಂಚಿನ ಅಕ್ಷರ, ಕೆಳಗೆ ‘ಹೊಸ ಓಟ’ ಎಂದು ಹದಿನೆಂಟಿಂಚಿನ ಅಕ್ಷರ. ಮೇಲಿನ ಸಾಲು ಸಲೀಸಾಗಿ ಮುಗಿಯಿತು. ಕೆಳಗಿನದಕ್ಕೆ ದೊಡ್ಡ ತ್ರಿಕೋನ ಬೇಕು. ಎತ್ತರಕ್ಕೆ ಹನ್ನೆರಡಿಂಚು ಸೇರಿಸುವಾಗ ಅಡ್ಡಕ್ಕೂ ಅಷ್ಟೇ ಸೇರಿಸೋಣ, ಭೇದಭಾವ ಯಾಕೆ ಎಂದುಕೊಂಡು ಹದಿನೆಂಟು ಎತ್ತರ, ಹದಿನಾಲ್ಕು ಅಡ್ಡದ ರಟ್ಟು ಕತ್ತರಿಸಿದಳು. ಗೋಡೆಗೆ ಮೂಗು ತಾಗಿಸಿಕೊಂಡು ಬರೆಯುವಾಗ ಏನೂ ಗೊತ್ತಾಗಲಿಲ್ಲ. ಬೀದಿಯ ಆಚೆ ಬದಿಗೆ ಹೋಗಿ ತಿರುಗಿ ನೋಡಿದರೆ ಕೆಳಗಿನ ಸಾಲು ಮೇಲಿನದಕ್ಕಿಂತ ತೀರಾ ವಾಲಿ ಮಲಗಿಯೇಬಿಟ್ಟಿತ್ತು.

ಅಷ್ಟರಲ್ಲಿ ಅಂಗಡಿಯವನೂ ಹೊರಗೆ ಬಂದ. “ಬೋರ್ಡಕ್ಕ, ಮೇಲಿನವು ಓಡ್ತಾ ಇವೆ, ಸರಿ. ಕೆಳಗಿನವು ಯಾಕೆ ಎಡವಿ ಬಿದ್ದಿವೆ?”

“ಎಬ್ಬಿಸ್ತೀನಿ ಬಿಡಪ್ಪ,” ಎಂದಳು. ಬರೀ ಬೈಸಿಕೊಂಡದ್ದಾಗಿದ್ದರೆ ಮರೆತುಬಿಡುತ್ತಿದ್ದಳೇನೋ. ಆದರೆ ಎರಡು ಕಡೆಗೂ ಸರಿಸಮ ಸೇರಿಸಿದ ಮೇಲೂ ವಾಲು ಬದಲಾದದ್ದು ಹೇಗೆ? ಈ ಪ್ರಶ್ನೆ ಅವಳ ತಲೆ ಹೊಕ್ಕು ಕೂತಿತು.

ಗಂಡನ ತಂಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಅದೇ ಮನೆಯಲ್ಲಿ ಇದ್ದವಳು. ಸಂಜೆ ಅವಳು ಚಪ್ಪಲಿ ಬಿಡುವುದನ್ನೇ ಕಾದು ಬೋರ್ಡಕ್ಕ ಎರಡೂ ರಟ್ಟುಗಳನ್ನು ಮುಂದೆ ಹಿಡಿದಳು.

“ಸೇರಿಸಿದ್ದೇ ತಪ್ಪಾಯ್ತು ಅತ್ತಿಗೆ,” ಎಂದು ನಾದಿನಿ ನಕ್ಕಳು. “ಚಿಕ್ಕದರಲ್ಲಿ ಆರು ಏರೋಕೆ ಎರಡು ಅಡ್ಡ ಹೋದ್ರಿ. ಆರನ್ನ ಎರಡರಿಂದ ಭಾಗಿಸಿದ್ರೆ?”

“ಮೂರು.”

“ಅಂದ್ರೆ ಒಂದಿಂಚು ಅಡ್ಡ ಹೋದ್ರೆ ಮೂರಿಂಚು ಏರುತ್ತೆ. ಅದೇ ಆ ಗೆರೆಯ ಇಳಿಜಾರು. ದೊಡ್ಡದರಲ್ಲಿ ಹದಿನೆಂಟನ್ನ ಹದಿನಾಲ್ಕರಿಂದ ಭಾಗಿಸಿ, ಒಂದೂಕಾಲು ಚಿಲ್ಲರೆ ಬರುತ್ತೆ. ಮಲಗದೆ ಇನ್ನೇನು ಮಾಡುತ್ತೆ?”

“ಹಾಗಾದ್ರೆ ಹದಿನೆಂಟಕ್ಕೆ ಮೂರು ಬರಬೇಕು ಅಂದ್ರೆ ಅಡ್ಡ ಆರು!” ಎಂದ ಬೋರ್ಡಕ್ಕ ಮರುಕ್ಷಣವೇ ಹುಬ್ಬು ಗಂಟಿಕ್ಕಿದಳು. “ಅಲ್ಲ ಟೀಚರಮ್ಮ, ಏರೋ ಗೆರೆಗೂ ಇಳಿಜಾರು ಅಂತಾನೇ ಹೆಸರಾ?”

“ಹೆಸರಿಟ್ಟೋರನ್ನ ಕೇಳಿ, ನನಗೆ ಮೊದಲು ಟೀ ಕೊಡಿ.”

ಮರುದಿನ ಆರಿಂಚು ಅಡ್ಡದ ಹೊಸ ರಟ್ಟಿನಿಂದ ‘ಹೊಸ ಓಟ’ ಎದ್ದು ನಿಂತಿತು. ಎರಡು ಸಾಲೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಅಂಗಡಿಯವನು ಬೀದಿ ದಾಟಿ ನಿಂತು ನೋಡಿ, “ಈಗ ಸರಿಹೋಯ್ತು,” ಎಂದ.

ಆದರೆ ಬೋರ್ಡಕ್ಕನ ಕೈಯಿಂದ ಟೇಪು ಇಳಿಯಲಿಲ್ಲ. ಗೋಡೆಗೆ ಒರಗಿಸಿದ ಏಣಿಯ ಬುಡದಿಂದ ಅರ್ಧದವರೆಗೆ ಅಳೆದಳು, ಅರ್ಧದಿಂದ ತುದಿಯವರೆಗೆ ಅಳೆದಳು. ಯಾವ ಎರಡು ಜಾಗ ಹಿಡಿದು ಏರನ್ನು ಅಡ್ಡದಿಂದ ಭಾಗಿಸಿದರೂ ಬಂದದ್ದು ಒಂದೇ ಉತ್ತರ. ‘ಓ’ ಅಕ್ಷರದ ಡೊಂಕಿನ ಮೇಲೆ ಅದೇ ಆಟ ಹೂಡಿದರೆ ಅಳೆದಲ್ಲೆಲ್ಲ ಬೇರೆ ಬೇರೆ. ಗೆರೆ ನೇರವೋ ಡೊಂಕೋ ಎಂದು ಇಷ್ಟು ವರ್ಷ ಕಣ್ಣು ಕಿರಿದು ಮಾಡಿ ಹೇಳುತ್ತಿದ್ದವಳಿಗೆ ಭಾಗಾಕಾರವೂ ಅದನ್ನು ಹೇಳಬಲ್ಲದೆಂದು ತಿಳಿದು ಹಿಗ್ಗೋ ಹಿಗ್ಗು. ಎಡಕ್ಕೆ ವಾಲಿದ ಗೆರೆಗೆ ಲೆಕ್ಕದ ಮುಂದೆ ಮೈನಸ್ ಬೀಳುತ್ತದೆಂದು ನಾದಿನಿ ಹೇಳಿದ ಮೇಲಂತೂ, ದರ್ಜಿಯ ಗಾಜಿನ ಬಾಗಿಲಿಗೆ ಒಳಗಿನಿಂದ ಅಕ್ಷರಗಳನ್ನು ಎಡಕ್ಕೆ ವಾಲಿಸಿ ತಿರುಗುಮುರುಗಾಗಿ ಬರೆಯುತ್ತ, “ಇವತ್ತು ನನ್ನದು ಮೈನಸ್ ಮೂರು,” ಎಂದಳು. ದರ್ಜಿ ಅದು ಕಣ್ಣಿನ ಪವರು ಇರಬೇಕೆಂದು ತಿಳಿದು, “ಅಯ್ಯೋ, ಕನ್ನಡಕ ಹಾಕ್ಕೊಳಮ್ಮ,” ಎಂದ.

ಒಂದು ಭಾನುವಾರ ಅವಳು ಕೇಳಿದಳು, “ಟೀಚರಮ್ಮ, ನೆಟ್ಟಗೆ ನಿಂತ ಗೆರೆಗೆ ಎಷ್ಟು?”

“ಅಡ್ಡ ಸೊನ್ನೆ. ಸೊನ್ನೆಯಿಂದ ಭಾಗಿಸೋ ಹಾಗಿಲ್ಲ. ಅದಕ್ಕೆ ಇಳಿಜಾರೇ ಇಲ್ಲ ಅತ್ತಿಗೆ.”

“ಪಾಪ, ನೆಟ್ಟಗಿರೋದಕ್ಕೆ ಲೆಕ್ಕವೇ ಇಲ್ವಾ?”

ಅವಳಿಗೆ ನಂಬಿಕೆ ಬರಲಿಲ್ಲ. ನೆಲದ ಮೇಲೆ ಹಾಳೆ ಹರಡಿ, ಗುರುತು ಹಾಕಿ ಗೆರೆ ಎಳೆಯುತ್ತ ಕೂತಳು. ಎತ್ತರ ಹದಿನೆಂಟು, ಅಡ್ಡ ಒಂದು: ಹದಿನೆಂಟು ಬಂತು. ಅಡ್ಡ ಅರ್ಧ: ಮೂವತ್ತಾರು. ಕಾಲು: ಎಪ್ಪತ್ತೆರಡು. ಗೆರೆ ನೆಟ್ಟಗಾದಷ್ಟೂ ಸಂಖ್ಯೆ ಹಿಡಿತಕ್ಕೆ ಸಿಗದೆ ಮೇಲೇರುತ್ತಿತ್ತು. ನಾದಿನಿಯೂ ಪಕ್ಕದಲ್ಲಿ ಬಂದು ಕೂತಳು. ಇಂಚಿನ ಹದಿನಾರನೇ ಒಂದು ಭಾಗಕ್ಕೆ ಬರುವಷ್ಟರಲ್ಲಿ ಗುರುತುಗಳು ಒಂದಕ್ಕೊಂದು ಅಂಟಿಕೊಂಡವು.

“ಇನ್ನು ಸಾಕು ಬಿಡಿ, ಕಾಣೋದೇ ಇಲ್ಲ,” ಎಂದಳು ನಾದಿನಿ.

“ಸುಮ್ನಿರು,” ಎಂದು ಬೋರ್ಡಕ್ಕ ಕೈ ಚಾಚಿದಳು, “ಆ ಬ್ಲೇಡ್ ಇತ್ತ ಕೊಡು, ಪೆನ್ಸಿಲ್ ಚೂಪು ಮಾಡ್ಕೋತೀನಿ.”