ಎರಡನೆಯ ಶೇರು

ಜಗದೇವಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಚಹಾ ಕೊಟ್ಟರೆ ನಿಂತೇ ಕುಡಿಯುತ್ತಾಳೆ, ಕುಡಿಯುತ್ತಲೇ ಕಟ್ಟೆ ಒರೆಸುತ್ತಾಳೆ. ಅಫಜಲಪುರದ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು, ಗಂಡ ತೀರಿಕೊಂಡ ಮೇಲೂ ಮಹಾರಾಷ್ಟ್ರದ ಈ ಸಂಭಾಜಿನಗರ ಬಿಡಲಿಲ್ಲ. ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಬಂದ ನನ್ನ ಮನೆಯಲ್ಲಿ ಬೆಳಿಗ್ಗೆ ಪಾತ್ರೆ ತಿಕ್ಕುತ್ತಾಳೆ. ಆಮೇಲೆ ದಿನವಿಡೀ ಎದುರಿನ ಬಂಗಲೆಯ ನಾಯಿ ನೋಡಿಕೊಳ್ಳುತ್ತಾಳೆ.

ಬಂಗಲೆ ಪ್ರಭಾಕರ ಸಾಹೇಬರದು, ವಾಳೂಜಿನಲ್ಲಿ ಅವರ ಕಾರ್ಖಾನೆ. ನಾಯಿಯ ಹೆಸರು ಶೇರು. ಮರಿಯಿದ್ದಾಗ ಶೇರುವಿಗೆ ಪಾರ್ವೋ ರೋಗ ಬಂದು ರಕ್ತಭೇದಿ ಹತ್ತಿತ್ತು, ಎಲ್ಲರೂ ಆಸೆ ಬಿಟ್ಟಿದ್ದರು. ಜಗದೇವಿ ಮಡಿಲಲ್ಲಿ ಹಾಕಿಕೊಂಡು, ಚಮಚದಲ್ಲಿ ನೀರು ಹನಿಸಿ ಬದುಕಿಸಿದಳು. ಇನ್ನು ಈ ರೋಗ ಇವನ ತಂಟೆಗೆ ಬರುವುದಿಲ್ಲ ಎಂದು ಆಗಿನ ಡಾಕ್ಟರು ಹೇಳಿದ್ದನ್ನು ಅವಳು ಗಂಟು ಕಟ್ಟಿ ಇಟ್ಟುಕೊಂಡಳು. ಮುಪ್ಪಾಗಿ ಶೇರು ಸತ್ತ ದಿನ ಬಂಗಲೆಯ ಹಿಂದಿನ ಬೇವಿನ ಮರದ ಕೆಳಗೆ ಹೂಳಿದರು. ಜಗದೇವಿ ಅಳಲು ಬಾಯಿ ತೆರೆದಳು, ಸಾಹೇಬರು ಮರಾಠಿಯಲ್ಲಿ ಗದರಿದರು. ಅಳಬೇಡ, ಇವನ ಚರ್ಮದ ಚೂರು ಪರದೇಶದ ಲ್ಯಾಬಿಗೆ ಹೋಗಿದೆ, ಇವನೇ ತಿರುಗಿ ಬರುತ್ತಾನೆ ಎಂದರು.

ಹೋದವರನ್ನು ಹೋಗಗೊಡದ ಇಂಥ ಹಟ ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಆ ಲ್ಯಾಬಿನಿಂದ ಮರಿ ಬಂತು, ಶೇರುವಿನ ಕ್ಲೋನ್. ಅದೇ ಕಂದು ಮೈ, ಅದೇ ಅಗಲ ಹಣೆ. ಎದೆಯ ಬಿಳಿ ಮಚ್ಚೆ ಮಾತ್ರ ಕೊಂಚ ಸರಿದಿತ್ತು.

ಜಗದೇವಿಗೆ ಇದು ಸೋಜಿಗವೇ ಅನ್ನಿಸಲಿಲ್ಲ. ಅವರ ಮನೆಯಲ್ಲಿ ಅಜ್ಜ ತೀರಿದ ಮೇಲೆ ಹುಟ್ಟಿದ ಗಂಡುಮಗುವಿಗೆ ಅಜ್ಜನ ಹೆಸರೇ. ಆ ಕೂಸನ್ನು ಯಾರೂ ಬೈಯುವಂತಿಲ್ಲ, ಅಜ್ಜನನ್ನು ಕರೆದಂತೆ 'ಮುತ್ಯಾ' ಎಂದೇ ಕರೆಯಬೇಕು.

"ನಮ್ಮ ಶೇರೂನೂ ಹಂಗಽ ಹುಟ್ಟಿ ಬಂದಾನ್ರಿ ಅಕ್ಕಾರ. ಆದ್ರ ನನ್ನ ಗುರ್ತಽ ಹಿಡೀವಲ್ಲ ನೋಡ್ರಿ" ಎಂದು ಚಡಪಡಿಸಿದಳು. ಹಳೆಯ ಶೇರು ಅವಳ ಬಳೆಯ ಸದ್ದಿಗೇ ಗೇಟಿಗೆ ಓಡಿ ಬರುತ್ತಿತ್ತು. ಇದು ಅವಳನ್ನು ಕಂಡರೆ ಸೋಫಾದ ಕೆಳಗೆ ಸೇರುತ್ತಿತ್ತು.

ಸಾಹೇಬರು ಹೊಸ ಕಾರ್ಖಾನೆಯ ಕೆಲಸಕ್ಕೆ ನಾಸಿಕ್‌ಗೆ ಹೋದರು. ಹೋಗುವಾಗ, ಮರಿಗೆ ಕೊನೆಯ ಚುಚ್ಚುಮದ್ದು ಹಾಕಿಸು, ಅಲ್ಲಿಯತನಕ ಹೊರಗೆ ಬಿಡಬೇಡ ಎಂದಿದ್ದರು. ಇವಳು ಎರಡನ್ನೂ ಕೇಳಲಿಲ್ಲ. ಒಮ್ಮೆ ಸಿಡುಬಿನ ಅಮ್ಮ ಬಂದು ಹೋದವರಿಗೆ ಮತ್ತೆ ಬರುತ್ತಾಳೆಯೇ? ಗೆದ್ದ ರೋಗಕ್ಕೆ ಮತ್ತೇಕೆ ಸೂಜಿ? ಹಳೆಯ ಜಾಗ ಕಂಡರೆ ಗುರುತು ಮರಳೀತೆಂದು ದಿನಾ ಸಂಜೆ ಮರಿಯನ್ನು ತನ್ನ ಜೋಪಡಿಯ ಪಕ್ಕದ ಮರಳಗುಡ್ಡೆಗೆ ಒಯ್ದಳು. ಹಳೆಯ ಶೇರು ಹೊರಳಾಡುತ್ತಿದ್ದದ್ದು ಅಲ್ಲೇ. ಈಗ ಅಲ್ಲಿ ಬೀದಿನಾಯಿಯ ಮರಿಗಳು ಅದೇ ರಕ್ತಭೇದಿಯಿಂದ ಸಾಯುತ್ತಿದ್ದವು. ಅದೂ ಅವಳಿಗೆ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಬರಿಗಾಲಲ್ಲಿ ನನ್ನ ಮನೆಗೆ ಓಡಿ ಬಂದಳು. ಸೆರಗಿನಲ್ಲಿ ಮರಿ, ಸೆರಗೆಲ್ಲ ರಕ್ತ.

"ಅಕ್ಕಾರ, ಗಾಡಿ ತಗೀರಿ! ಮತ್ತ ಅದಽ ಬ್ಯಾನಿ ಬಂದೈತ್ರಿ!"

ದವಾಖಾನೆಯ ಡಾಕ್ಟರು ಅಕ್ಷಿತಾ ಎಂಬ ಮರಾಠಿ ಹುಡುಗಿ. ಸಲೈನ್ ಹಚ್ಚುತ್ತ, ಚುಚ್ಚುಮದ್ದು ಆಗಿದೆಯೇ ಎಂದು ಕೇಳಿದರು. ಇವನಿಗೆ ಈ ರೋಗ ಬಂದು ಹೋಗಿದೆ, ನಾನೇ ಬದುಕಿಸಿದ್ದು ಎಂದಳು ಜಗದೇವಿ, ಮುರುಕು ಮರಾಠಿಯಲ್ಲಿ. ಡಾಕ್ಟರು ನನ್ನ ಮುಖ ನೋಡಿದರು. ನಾನು ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಸಮಾಧಾನದಿಂದ ಹೇಳಿದರು, ನಾನು ಅದನ್ನು ನಮ್ಮ ಮಾತಿಗೆ ತಿರುಗಿಸಿದೆ.

"ಮೈ ಅಷ್ಟಽ ಆ ಶೇರೂನಂಥಾದ್ದು, ಜಗದೇವಿ. ಆ ಮೈ ರೋಗದ ಕೂಡ ಗುದ್ದಾಡಿ ಕಲ್ತದ್ದು ಅದರ ಕೂಡಽ ಹೋತು. ಇದು ಇನ್ನೂ ಪೂರಾ ಕಲೀದ ಕೂಸು. ಹಡೆದ ನಾಯಿ ಹಾಲಿನ್ಯಾಗ ಕೊಟ್ಟ ಕಾವಲೂ ಮುಗದೈತಿ."

"ಹಂಗಾರ ಇಂವ ಅಂವ ಅಲ್ಲೇನ್ರಿ?"

"ಅಲ್ಲ" ಎಂದೆ.

ಅವಳು ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಅಡ್ಡಾಡತೊಡಗಿದಳು. "ಯಾರದೋ ಕೂಸು ನನ್ನ ಕೈಯಾಗ ಕೊಟ್ರ ಒಯ್ದು ಸಾವಿನ ಬಾಯಾಗ ಒಗದ್ನೆಲ್ರಿ" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ನಾನು ನಾಸಿಕ್‌ಗೆ ಫೋನ್ ಹಚ್ಚಿದೆ. ಶೇರು ಎರಡನೆಯ ಸಲ ಸಾಯಬಾರದು ಎಂದು ಸಾಹೇಬರು ಕೂಗಾಡಿದರು. ನನಗೂ ಸಿಟ್ಟು ನೆತ್ತಿಗೇರಿತು. "ಇದು ಸತ್ತರೆ ಮೊದಲನೆಯ ಸಲವೇ ಸಾಯುವುದು ಸಾಹೇಬರೇ" ಎಂದು ಹೇಳಿ ಫೋನ್ ಇಟ್ಟೆ.

ಆ ವಾರವೆಲ್ಲ ಜಗದೇವಿ ದವಾಖಾನೆ ಬಿಡಲಿಲ್ಲ. ಹಾಲುಣ್ಣುವ ಕೂಸಿಗೆಂಬಂತೆ ಬಾಯಿ ಒರೆಸಿದಳು, ಬಟ್ಟೆ ಬದಲಿಸಿದಳು. ಗುರುವಾರ ನಾನು ಹೋದಾಗ ಮರಿ ತಲೆ ಎತ್ತಿ ನೀರು ನೆಕ್ಕುತ್ತಿತ್ತು. ಗಂಡಾಂತರ ಕಳೆಯಿತು ಎಂದರು ಡಾಕ್ಟರು. ಜಗದೇವಿ ಕೈ ಚಾಚಿದಳು. ಮರಿ ಗುರ್ರೆಂದಿತು.

"ಗುರ್ ಅನ್ನಪ್ಪಾ, ಅನ್ನು. ನಾ ಯಾರಂತ ನಿನಗ ಹ್ಯಾಂಗ ತಿಳೀಬೇಕು?" ಎಂದು ನಕ್ಕಳು.

ಅವಳನ್ನು ಗಾಡಿಯಲ್ಲಿ ಕರೆತಂದೆ. ಇಳಿದವಳು ಜೋಪಡಿಗೆ ಹೋಗದೆ ಬಂಗಲೆಯ ಹಿಂದಕ್ಕೆ, ಬೇವಿನ ಮರದ ಹತ್ತಿರ ನಡೆದಳು. ದಿನಾ ಕಸ ಗುಡಿಸುವ ಜಾಗ. ಹೋದವಳು ಅಲ್ಲೇ ಮಣ್ಣಿನ ಮೇಲೆ ಕೂತಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೋದೆಲ್ಲೋ ನನ್ನಪ್ಪಾ, ಶೇರೂ!" ಎಂದು ಎದೆ ಬಡಿದುಕೊಂಡು ಅತ್ತಳು.