ಅಕ್ಕಿಚೀಲದ ಆಲೂಗಡ್ಡೆ

ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಮರೆತುಹೋದ ಆಲೂಗಡ್ಡೆಗಳು ಸದ್ದಿಲ್ಲದೆ ಮೊಳಕೆಯೊಡೆದು ಕಣ್ಣು ಬಿಡುವುದನ್ನು ನೀವೂ ನೋಡಿರುತ್ತೀರಿ. ನಾನಾದರೆ ಅಂಥವನ್ನು ಎತ್ತಿ ಕಸಕ್ಕೆ ಹಾಕುವವಳು. ಹೋದ ಕಾರ್ತಿಕದಲ್ಲಿ ನಮ್ಮ ಯಜಮಾನರು ನನ್ನ ಕೈ ಹಿಡಿದು ತಡೆದರು. “ಬಿಸಾಕ್ಬೇಡ ಕಣೇ, ಇದಕ್ಕೆ ಜೀವ ಬಂದೈತೆ.”

ಅವರು ಬಸ್ ಡ್ರೈವರ್ ಆಗಿದ್ದವರು. ಕುಣಿಗಲ್ಲು, ಹೆಬ್ಬೂರು, ತುಮಕೂರು, ಗುಬ್ಬಿ ಎಂದು ಆಯುಷ್ಯವಿಡೀ ತಿರುಗುತ್ತ, ರಸ್ತೆಯ ಎರಡೂ ಬದಿಯಲ್ಲಿ ಹಿಂದೆ ಸರಿಯುವ ಪರರ ಹೊಲಗಳನ್ನು ನೋಡುತ್ತ, ನಮಗೂ ಒಂದು ತುಂಡು ನೆಲ ಇರಬೇಕಿತ್ತು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಮಕ್ಕಳ ಓದು, ಮದುವೆ, ನನ್ನ ಕಾಯಿಲೆ ಒಂದಾದ ಮೇಲೊಂದು ಬಂದವು. ನೆಲ ಮಾತ್ರ ಬರಲಿಲ್ಲ. ನಿವೃತ್ತರಾದಾಗ ಅವರ ಪಾಲಿಗೆ ಸಿಕ್ಕಿದ್ದು ತುಮಕೂರಿನ ಈ ಬಾಡಿಗೆಮನೆಯ ಮೇಲೆ, ಬಟ್ಟೆ ಒಣಹಾಕುವ ತಾರಸಿಯ ಒಂದು ಮೂಲೆ.

ಅಲ್ಲಿ ಅಕ್ಕಿಚೀಲಗಳ ಬಾಯನ್ನು ಅರ್ಧಕ್ಕೆ ಮಡಚಿ, ಕೆಂಪುಮಣ್ಣಿಗೆ ಸಗಣಿಗೊಬ್ಬರ ಬೆರೆಸಿ ತುಂಬಿ, ಮೊಳಕೆ ಮೇಲಾಗುವಂತೆ ಗಡ್ಡೆಗಳನ್ನು ಹೂತರು. ಗಿಡ ಎದ್ದಷ್ಟೂ ಚೀಲದ ಮಡಿಕೆ ಬಿಚ್ಚುತ್ತ, ಬುಡಕ್ಕೆ ಮಣ್ಣು ಏರಿಸುತ್ತ ಹೋದರು. ಸಂಜೆಯ ಕಾಫಿ ಅಲ್ಲೇ ಆಯಿತು. ಮಿತಭಾಷಿ ಮನುಷ್ಯ ಆ ದಿನಗಳಲ್ಲಿ ಎಷ್ಟು ಮಾತಾಡಿದರು! ಬಿಳಿ ಹೂ ಬಿಟ್ಟಾಗ ನನ್ನನ್ನು ಕೂಗಿ ಕರೆದು ತೋರಿಸಿದರು. ಇಳಿವಯಸ್ಸಿನಲ್ಲಿ ಗಂಡನ ಮುಖದ ಮೇಲೆ ಹೊಸ ಕಳೆಯನ್ನು ಕಾಣುವುದು ಎಂಥ ಸುಖ. ಇದು ಇಷ್ಟು ತಡವಾಗಿ ಬಂತಲ್ಲ ಎಂಬುದು ಎಂಥ ಸಂಕಟ.

ಹೂ ಬಾಡುವ ಮೊದಲೇ ಮನೆಯ ಮಾಲೀಕರು ಮೇಲೆ ಬಂದರು. ಒಳ್ಳೆಯವರೇ, ಮಗಳ ಸಂಸಾರಕ್ಕೆಂದು ಇನ್ನೊಂದು ಮಹಡಿ ಕಟ್ಟಿಸಬೇಕಿತ್ತು.

“ಸೋಮ್ವಾರ ಗಾರೆಯವ್ರು ಬರ್ತಾರೆ ಸಾರ್. ತಾರಸಿ ಖಾಲಿ ಮಾಡ್ಕೊಡಿ.”

“ಇನ್ನೊಂದ್ ತಿಂಗ್ಳು ತಡೀರಿ. ಗಡ್ಡೆ ಬಲೀಬೇಕು,” ಎಂದರು ಇವರು.

“ಮೇಸ್ತ್ರಿ ಸಿಕ್ಕೋದೇ ಕಷ್ಟ ಆಗೈತೆ. ಬೇಜಾರ್ ಮಾಡ್ಕೋಬೇಡಿ ಸಾರ್.”

ಕೆಳಗೆಲ್ಲೂ ಬಿಸಿಲು ಬೀಳುವ ಜಾಗವಿರಲಿಲ್ಲ. ಭಾನುವಾರ ಬೆಳಗ್ಗೆ, ಗಿಡಗಳು ಹಸಿರಾಗಿದ್ದಂತೆಯೇ, ಅವರು ಚೀಲಗಳನ್ನು ಒಂದೊಂದಾಗಿ ಕವುಚಿದರು. ನಾನು ಮಣ್ಣಿನಲ್ಲಿ ಕೈಯಾಡಿಸಿ ಹೆಕ್ಕಿದೆ: ಗೋಲಿಯಷ್ಟು, ನೆಲ್ಲಿಕಾಯಷ್ಟು, ಎಲ್ಲೋ ಒಂದು ನಿಂಬೆಹಣ್ಣಿನಷ್ಟು. ಉಗುರು ತಾಗಿದರೆ ಸುಲಿದುಬರುವ ಎಳೆಯ ಸಿಪ್ಪೆ. ಎಲ್ಲ ಸೇರಿ ಒಂದು ಮೊರವೂ ತುಂಬಲಿಲ್ಲ. “ಬುಡು, ಏನ್ಮಾಡೋಕಾಗುತ್ತೆ,” ಎಂದರು. ಆದರೆ ಅವರ ಹೆಬ್ಬೆರಳು ಒಂದು ಪುಟ್ಟ ಗಡ್ಡೆಯ ಮೇಲಿನ ಮಣ್ಣನ್ನು ಒರೆಸುತ್ತಲೇ ಇತ್ತು.

ಅಂದು ಮಧ್ಯಾಹ್ನದ ಊಟಕ್ಕೆ ರುದ್ರಪ್ಪ ಗುಬ್ಬಿಯಿಂದ ಬಂದಿದ್ದ. ಇವರ ಬಸ್ಸಿನಲ್ಲಿ ಬಹುಕಾಲ ಕಂಡಕ್ಟರ್ ಆಗಿದ್ದವನು. ಸಿಪ್ಪೆ ಸಮೇತ ಒಗ್ಗರಣೆ ಹಾಕಿದ ಪಲ್ಯ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ಕಣ್ಣರಳಿಸಿದ.

“ಬೆಣ್ಣೆ ಇದ್ದಂಗೈತೆ ಅತ್ತಿಗೆ! ಯಾವ ಅಂಗ್ಡೀದು?”

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು: “ಅಂಗ್ಡೀದಲ್ಲ ಕಣೋ. ನಮ್ಮ ಹೊಲದ್ದು.”

“ಹೊಲ ಯಾವಾಗ್ ತಗೊಂಡ್ರಣ್ಣ? ಹೇಳ್ಲೇ ಇಲ್ಲ!”

ಅವರು ತಲೆ ಎತ್ತದೆ ಅನ್ನ ಕಲಸುತ್ತಿದ್ದರು. “ಇತ್ತು,” ಎಂದರು. “ಬೆಳಗ್ಗೆವರ್ಗೂ ಇತ್ತು.”