ಹುರುಳಿ ಹಾಸಿದ ರಸ್ತೆ

ಬೆಟ್ಟ ಎಡಕ್ಕಿತ್ತು. ಇದೊಂದು ಖಚಿತ, ಏಕೆಂದರೆ ಬೆಟ್ಟಗಳು ಜಾಗ ಬದಲಿಸುವುದಿಲ್ಲ. ಸೇಲಂ ಬಿಟ್ಟು ಉತ್ತರಕ್ಕೆ ಹೊರಟರೆ ಏರ್ಕಾಡಿನ ಬೆಟ್ಟ ಎಡಗಡೆಗೆ ಉಳಿಯುತ್ತದೆ, ಮಂಜವಾಡಿ ಕಣಿವೆಯ ಏರು ಸಿಗುವವರೆಗೂ ಜೊತೆಯಲ್ಲೇ ಬರುತ್ತದೆ. ಉಳಿದ ವಿಷಯಗಳಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ತೊಂಬತ್ತರ ದಶಕದ ನಡುವಿನ ಯಾವುದೋ ಚಳಿಗಾಲ. ಇದನ್ನು ಮನಸ್ಸಿನಲ್ಲಿ ಎಷ್ಟೋ ಸಲ ಓಡಿಸಿದ್ದೇನೆ, ಓಡಿಸಿದಷ್ಟೂ ರಸ್ತೆ ನುಣ್ಣಗಾಗುತ್ತ ಬಂದಿದೆ. ನಿಜವಾದ ರಸ್ತೆ ಹಾಗಿರಲಿಲ್ಲ. ಅದರ ತುಂಬ ಗುಂಡಿಗಳು.

ಆಗ ನಾನು ಸೇಲಂನ ಒಂದು ನೂಲಿನ ಗಿರಣಿಯಲ್ಲಿ ಸ್ಟೋರಿನ ಗುಮಾಸ್ತ. ಮದುವೆಯಾಗಿರಲಿಲ್ಲ. ಅವ್ವ ನನ್ನ ಜೊತೆಗಿದ್ದಳು, ಆ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಳು. ಅವಳು ಪೆನ್ನಾಗರಂ ಕಡೆಯವಳು. ಮನೆಯೊಳಗೆ ನಾವಿಬ್ಬರೂ ಆಡುತ್ತಿದ್ದುದು ಕನ್ನಡ. ಈಗ ಬರೆಯುತ್ತಿರುವ ಈ ಕನ್ನಡವಲ್ಲ. ಇದರ ಅಕ್ಷರಗಳನ್ನು ನಾನು ಕಲಿತದ್ದು ಬಹಳ ತಡವಾಗಿ. ಅವಳು ‘ಇದೆ’ ಎಂದವಳಲ್ಲ, ‘ಐತೆ’ ಎನ್ನುತ್ತಿದ್ದಳು. ಅವಳು ಹೋದ ಮೇಲೆ ಮಾತು ಯಾವಾಗ ನಿಂತಿತು ಎಂದು ನಾನು ಗಮನಿಸಲೇ ಇಲ್ಲ. ಒಂದು ಬೆಳಿಗ್ಗೆ ಸ್ನಾನದ ಬಿಸಿನೀರು ಕಾಲ ಮೇಲೆ ಚೆಲ್ಲಿತು. ಬಾಯಿಂದ ಬಂದ ಬೈಗುಳ ತಮಿಳಿನದು. ಉರಿಯುವ ಕಾಲನ್ನು ಮರೆತು ನಾನು ಹೆದರಿ ನಿಂತೆ. ನನ್ನ ಜೊತೆ ಕನ್ನಡ ಆಡುವ ಒಬ್ಬರು ಬೇಕು, ಇಲ್ಲದಿದ್ದರೆ ಅದು ಹೋಗೇ ಬಿಡುತ್ತದೆ ಅನ್ನಿಸಿತು.

ಭಾನುವಾರಗಳಂದು ಸೈಕಲ್ ತೆಗೆದದ್ದು ಇದಕ್ಕೇ. ಗೇರಿಲ್ಲದ ಕಪ್ಪು ಸೈಕಲ್ಲು. ಏರಿನಲ್ಲಿ ತಳ್ಳಬೇಕು, ಇಳಿಜಾರಿನಲ್ಲಿ ದೇವರ ಮೇಲೆ ಭಾರ ಹಾಕಬೇಕು. ಕಣಿವೆ ದಾಟಿ ಪಾಪಿರೆಡ್ಡಿಪಟ್ಟಿ ಕಡೆಗೆ ಇಳಿದರೆ ಎರಡೂ ಬದಿಗೆ ಹುಣಸೆಮರಗಳು, ಕಾಂಡದ ಮೇಲೆ ರಸ್ತೆ ಇಲಾಖೆ ಬರೆದ ಬಿಳಿ ನಂಬರುಗಳು. ದೊಡ್ಡ ರಸ್ತೆ ಬಿಟ್ಟು ಹರೂರಿನ ಕಡೆಯ ಸಣ್ಣ ರಸ್ತೆಗಳಿಗೆ ತಿರುಗಿದರೆ ಬಹಳ ಹೊತ್ತು ಯಾರೂ ಸಿಗುವುದಿಲ್ಲ. ಚೈನಿನ ಸದ್ದು, ಮಡ್‌ಗಾರ್ಡಿನ ಸದ್ದು. ನಿಂತರೆ ಅವೂ ಇಲ್ಲ.

ಆ ಕಡೆ ಕನ್ನಡದ ಮನೆಗಳಿವೆ ಎಂದು ಅವ್ವ ಹೇಳಿದ್ದಳು. ಇದ್ದವು. ಎಮ್ಮೆ ಮೇಯಿಸುತ್ತಿದ್ದವನೊಬ್ಬ ಎಮ್ಮೆಯನ್ನು ಸೊಗಸಾದ ಕನ್ನಡದಲ್ಲಿ ಬೈಯುತ್ತಿದ್ದ. ನಾನು ಸೈಕಲ್ ನಿಲ್ಲಿಸಿ, ಕನ್ನಡದಲ್ಲೇ, “ಅರೂರ್‌ಗೆ ಇಂಗೇ ಓಗ್ಬೌದಾ?” ಎಂದೆ.

“ನೇರಾ ಪೋಂಗ ಸಾರ್,” ಎಂದ. ನೆಟ್ಟಗೆ ಹೋಗಿ ಅಂತ. ಹೇಳಿ ಎಮ್ಮೆಯ ಕಡೆ ತಿರುಗಿ ಮತ್ತೆ ಕನ್ನಡಕ್ಕೆ ಇಳಿದ.

ಎಲ್ಲ ಕಡೆ ಇದೇ. ನಾನು ಕನ್ನಡದಲ್ಲಿ ಕೇಳುವುದು, ಅವರು ತಮಿಳಿನಲ್ಲಿ ಹೇಳುವುದು. ಅದರಲ್ಲಿ ಅವಮಾನವೇನೂ ಇರಲಿಲ್ಲ, ಮರ್ಯಾದೆಯೇ ಇತ್ತು. ನಮ್ಮವರಿಗೆ ಕನ್ನಡ ಒಲೆ ಪಕ್ಕದ ಮಾತು. ಪ್ಯಾಂಟು ತೊಟ್ಟ ಹೊರಗಿನವನ ಮುಂದೆ ಅದನ್ನಾಡುವುದೆಂದರೆ ಹರಕು ಪಂಚೆ ಉಟ್ಟು ಮದುವೆಗೆ ಹೋದ ಹಾಗೆ. ಅವ್ವನೂ ಹೀಗೇ. ಬಸ್ಸಿನಲ್ಲಿ ನನ್ನ ಜೊತೆಗೂ ತಮಿಳೇ ಆಡುತ್ತಿದ್ದಳು. ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟ ಮೇಲೆ ಕನ್ನಡ ಬರುತ್ತಿತ್ತು.

ಹುರುಳಿಯ ದಿನ ಮಧ್ಯಾಹ್ನವಾಗಿತ್ತು. ರಸ್ತೆಯ ತಿರುವಿನಾಚೆ ಡಾಂಬರಿನ ಅಗಲಕ್ಕೂ ಒಣಗಿದ ಹುರುಳಿ ಗಿಡ ಹಾಸಿದ್ದರು. ಬಸ್ಸು ಲಾರಿಗಳ ಚಕ್ರ ಹತ್ತಿ ಕಾಯಿ ಒಡೆಯಲೆಂದು ಆ ಕಡೆಯ ಜನ ಹಾಗೆ ಹಾಸುತ್ತಾರೆ. ಕಾಳು ತುಳಿಯಬಾರದು ಎಂದು ಬೆಳೆದವನು ನಾನು. ಇಳಿದು, ಬದಿಯ ಮುಳ್ಳಿನಲ್ಲಿ ಸೈಕಲ್ ತಳ್ಳಿಕೊಂಡು ಹೊರಟೆ.

“ಏನ್ ಸಾರ್ ಓರಮಾ ಪೋರೀಂಗ? ಮೇಲೆ ಏತ್ತುಂಗ!”

ಹುಣಸೆಮರದ ನೆರಳಲ್ಲಿ ಒಬ್ಬ ಮುದುಕಿ ಕವೆಗೋಲು ಹಿಡಿದು ಕೂತಿದ್ದಳು. ಬದಿಯಲ್ಲಿ ಯಾಕೆ ಹೋಗ್ತೀರಿ, ಮೇಲೆ ಹತ್ತಿಸಿ ಎನ್ನುತ್ತಿದ್ದಳು. ಬೆಳಗಿನಿಂದ ಬಸ್ಸು ಬಂದಿರಲಿಲ್ಲವಂತೆ, ಎಲ್ಲೋ ಕೆಟ್ಟು ನಿಂತಿದೆಯಂತೆ. ಬಿಸಿಲಿದ್ದಾಗಲೇ ಕಾಯಿ ಒಡೆಯಬೇಕು, ಸಂಜೆ ಮಂಜು ಇಳಿದರೆ ಮೆತ್ತಗಾಗಿಬಿಡುತ್ತದೆ. ಬಸ್ಸಿನ ಕೆಲಸವನ್ನು ಸೈಕಲ್ಲು ಮಾಡೀತೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹತ್ತಿಸಿದೆ. ಸ್ವಲ್ಪ ದೂರ ಹೋಗುವುದರಲ್ಲಿ ಬಳ್ಳಿ ಚೈನಿಗೆ ಸುತ್ತಿಕೊಂಡು, ಸೈಕಲ್ ಸಮೇತ ಅಡ್ಡಕ್ಕೆ ಬಿದ್ದೆ.

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನಲ್ಲಿ ಮಾತು ಜಾರಿತು. “ಅಯ್ಯಯ್ಯೋ, ಬಿದ್ದೇ ಓದ್ನಲ್ಲಪ್ಪಾ! ಏಳ್ಲಾ, ಏಳು. ಕಾಲ್ ಮುರ್ಕಂಡ್ಯೋ ಏನು?”

“ಇಲ್ಲವ್ವ, ಸೈಕಲ್ಗೇ ನೋವಾಗೈತೆ,” ಎಂದೆ. ಎಷ್ಟೋ ತಿಂಗಳ ಮೇಲೆ ಒಬ್ಬರ ಮಾತಿಗೆ ಉತ್ತರವಾಗಿ ಬಂದ ಕನ್ನಡ ಅದು.

ಅವಳು ಬಂದು ಚೈನಿನಿಂದ ಬಳ್ಳಿ ಕಿತ್ತಳು. ಮತ್ತೆ ಹತ್ತಿಸಿದೆ. ಹೋಗುವುದು, ತಿರುಗುವುದು, ಬರುವುದು. ಅವಳು ಕವೆಗೋಲಿನಿಂದ ಗಿಡ ಮಗುಚುತ್ತ ಕೂಗುತ್ತಿದ್ದಳು.

“ಆ ಕಡೀಕೆ ಓಗ್ಲಾ. ತುಳ್ದಿದ್ನೇ ತುಳೀತೀಯಲ್ಲ.”

“ಗಿಡ ದಪ್ಪಕೈತೆ, ತುಳಿಯಕ್ಕೆ ಆಗ್ತಿಲ್ಲ.”

“ಉಂಡಿಲ್ವಾ ಬೆಳಿಗ್ಗೆ? ನಮ್ಮೆತ್ತು ನಿನಗಿಂತ ಮೇಲಿತ್ತು. ಓದ ವರ್ಸ ಮಾರ್ಬಿಟ್ಟ್ರು.”

“ನಂಗೂ ಒಂದು ಮೂಗುದಾರ ಆಕ್ಬಿಡು.”

“ಆಕಿದ್ರೆ ನೆಟ್ಟಗೆ ಓಗ್ತಿದ್ದೆ!”

ಸಂಭಾಷಣೆ ಇಷ್ಟೇ ಚುರುಕಾಗಿತ್ತೋ, ಆಮೇಲೆ ನಾನು ಚುರುಕು ಮಾಡಿಕೊಂಡೆನೋ ಹೇಳಲಾರೆ. ಅವಳ ದನಿ ನೆನೆಯಲು ಹೋದರೆ ಕೆಲವು ಕಡೆ ಅವ್ವನ ದನಿ ಬಂದು ಕೂತಿರುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಆದರೆ ಅವಳು ಬೈದದ್ದು ನಿಜ, ನಾನು ಬೆವೆತದ್ದು ನಿಜ. ನೆರಳಿನಲ್ಲಿ ಕೂತು ಅವಳ ತೂಕಿನಿಂದ ರಾಗಿಮುದ್ದೆ ಮುರಿದು ತಿಂದದ್ದೂ ನಿಜ. ತೂಕು ಅಂದರೆ ಹಿಡಿ ಇರುವ ಊಟದ ಡಬ್ಬಿ. ನಡುವೆ ಒಮ್ಮೆ ಕೇಳಿದೆ: “ಮೊದ್ಲು ತಮಿಳ್ನಾಗೆ ಕರೆದೆ, ಈಗ ಕನ್ನಡ ಆಡ್ತಿದೀಯಲ್ಲ?”

“ಎತ್ತಿನ್ ಜೊತೆ ಯಾರಾನ ತಮಿಳು ಮಾತಾಡ್ತಾರಾ?” ಎಂದಳು, ಬಾಯ್ತುಂಬ ಮುದ್ದೆ ಇಟ್ಟುಕೊಂಡು.

ಇಳಿಹೊತ್ತಿಗೆ ಬಸ್ಸು ಬಂತು. ನಾನು ಅರ್ಧ ದಿನ ಮಾಡಲಾಗದ್ದನ್ನು ಅದು ಒಂದು ಸಲಕ್ಕೆ ಮುಗಿಸಿ ಹೋಯಿತು. ಕಾಯಿಗಳು ಪಟಪಟನೆ ಸಿಡಿದವು. ಅವಳು ಡ್ರೈವರನಿಗೆ ತಮಿಳಿನಲ್ಲಿ ಏನೋ ಕೂಗಿ, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, “ಪೋಯಿಟ್ಟು ವಾಂಗ ತಂಬಿ,” ಎಂದಳು. ಹೋಗಿ ಬನ್ನಿ. ದೂರದಲ್ಲಿ ಕಾಣುತ್ತಿದ್ದ ಹೆಂಚಿನ ಮನೆ ತೋರಿಸಿ, ಅದೇ ನಮ್ಮನೆ ಎಂದು ತಮಿಳಿನಲ್ಲೇ ಹೇಳಿದಳು.

ಮುಂದಿನ ಭಾನುವಾರದವರೆಗೆ ಗಿರಣಿಯಲ್ಲಿ ಬೋಲ್ಟು ಬೆಲ್ಟುಗಳನ್ನು ಎಣಿಸುತ್ತ, ಅವಳಿಗೆ ಹೇಳಬೇಕಾದ್ದನ್ನು ಕನ್ನಡದಲ್ಲಿ ಜೋಡಿಸಿಕೊಂಡೆ. ಅವ್ವನ ಬಗ್ಗೆ, ಅವಳು ಮಾಡುತ್ತಿದ್ದ ಸೊಪ್ಪಿನ ಸಾರಿನ ಬಗ್ಗೆ, ರಾತ್ರಿ ಬಾಗಿಲು ಹಾಕಿದ ಮೇಲೆ ಮನೆ ಹೇಗಿರುತ್ತದೆ ಎಂಬುದರ ಬಗ್ಗೆ. ಭಾನುವಾರ ಇಸ್ತ್ರಿ ಮಾಡಿದ ಶರಟು ಹಾಕಿದೆ. ಸೇಲಂನಲ್ಲಿ ಕಿತ್ತಳೆ ಹಣ್ಣು ಕೊಂಡು ಹ್ಯಾಂಡಲಿಗೆ ತೂಗುಹಾಕಿದೆ. ಬರಿಗೈಯಲ್ಲಿ ಹೋಗಬಾರದು ಎಂಬ ಬುದ್ಧಿ. ಶರಟೂ ಹಣ್ಣೂ ನನ್ನನ್ನು ಏನು ಮಾಡುತ್ತವೆ ಎಂದು ನನಗೆ ತಿಳಿಯಬೇಕಿತ್ತು. ನಾನೂ ಅಂಥದೇ ಮನೆಯವನು.

ಅವಳು ಬಾಗಿಲಲ್ಲೇ ಇದ್ದಳು. ಗುರುತು ಹಿಡಿದು ನಕ್ಕಳು. “ವಾಂಗ, ವಾಂಗ,” ಎಂದಳು. ಒಳಗಿನಿಂದ ಸೊಸೆ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಅಂಗಳದಲ್ಲಿ ಹಾಕಿದಳು. ನಾನು ಕೂತೆ. ಅವರಿಬ್ಬರೂ ನಿಂತರು. ಹಣ್ಣಿನ ಚೀಲವನ್ನು ಸೊಸೆ ಎರಡೂ ಕೈಯಲ್ಲಿ ತೆಗೆದುಕೊಂಡು, “ಎದುಕ್ಕು ಸಾರ್ ಇದೆಲ್ಲಾಂ?” ಎಂದಳು. ಇದೆಲ್ಲ ಯಾಕೆ ಅಂತ. ನನಗಾಗಿ ಅಂಗಡಿಯಿಂದ ಕಲರ್ ಸೋಡಾ ತರಿಸಲು ಹೊರಟರು. ಬೇಡ ಎಂದೆ, ಕನ್ನಡದಲ್ಲಿ. ಪರವಾಗಿಲ್ಲ ಎಂದರು, ತಮಿಳಿನಲ್ಲಿ. ಸೊಸೆ ತಾನೇ ಅಂಗಡಿಗೆ ಹೋದಳು.

ಮುದುಕಿ ಜಗುಲಿಯ ತುದಿಯಲ್ಲಿ ಕೂತಳು. ಹಿತ್ತಲಲ್ಲಿ ಕೋಳಿಯೊಂದು ಕೆದಕುತ್ತಿತ್ತು. ಈಗಲ್ಲದಿದ್ದರೆ ಇಲ್ಲ ಎಂದುಕೊಂಡು, ನಾಚಿಕೆ ಬಿಟ್ಟು ಹೇಳಿದೆ. “ಅವ್ವ, ನಮ್ಮವ್ವ ಓಗ್ಬಿಟ್ಳು. ಮನೇಲಿ ಯಾರೂ ಇಲ್ಲ. ನಂಜೊತೆ ಒಸಿ ಕನ್ನಡದಾಗೆ ಮಾತಾಡು. ಅದ್ಕೇ ಬಂದೆ.”

ಅವಳು ನನ್ನನ್ನು ನೋಡಿದಳು. ತಮಾಷೆ ಮಾಡುತ್ತಿದ್ದೇನೋ ಎಂದು ಮೊದಲು ಪರೀಕ್ಷಿಸಿದಳು. ಆಮೇಲೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಎಳೆ ಹುಡುಗಿಯ ಹಾಗೆ ಸಂಕೋಚಪಟ್ಟು ಕನ್ನಡದಲ್ಲಿ ಕೇಳಿದಳು:

“ಏನ್ ಮಾತಾಡ್ಲಪ್ಪಾ?”

“ಏನಾರ.”

“ಏನಾರ ಅಂದ್ರೆ?” ಯೋಚಿಸಿದಳು. “ನಿಮ್ಮವ್ವಂದು ಯಾವೂರು?”

ಹೇಳಿದೆ.

“ನಾ ಕಾಣೆ ಆ ಊರ.” ಮತ್ತೆ ಯೋಚಿಸಿದಳು. ಪಾಪ, ನಿಜವಾಗಿಯೂ ಹುಡುಕುತ್ತಿದ್ದಳು. ರಸ್ತೆಯಲ್ಲಿ ಮಗುಚಲು ಗಿಡವಿತ್ತು, ಬೈಯಲು ನಾನಿದ್ದೆ, ಮಾತು ಕೆಲಸದ ಹಿಂದೆಯೇ ಬರುತ್ತಿತ್ತು. ಇಲ್ಲಿ ಕುರ್ಚಿ ಇತ್ತು. “ನೀನೇ ಏನಾರ ಯೋಳು,” ಎಂದಳು ಕೊನೆಗೆ. “ನಾ ಕೇಳ್ತೀನಿ.”

ನಾನು ಬಾಯಿ ತೆರೆದೆ. ವಾರವಿಡೀ ಜೋಡಿಸಿದ್ದರಲ್ಲಿ ಒಂದೂ ಬರಲಿಲ್ಲ. ಅವ್ವ ಬರಲಿಲ್ಲ, ಸಾರು ಬರಲಿಲ್ಲ. ಅವಳು ಕಿವಿಗೊಟ್ಟು ಕಾಯುತ್ತಿದ್ದಳು. ಆ ಕಾಯುವಿಕೆಯನ್ನು ತಾಳಲಾರದೆ, ಹುರುಳಿ ಎಲ್ಲ ಒಡೆದು ಮುಗಿಯಿತೇ ಎಂದು ಕೇಳಿಬಿಟ್ಟೆ. ಕೇಳಿದ್ದು ತಮಿಳಿನಲ್ಲಿ.

ಅವಳ ಮುಖ ಹಗುರವಾಯಿತು. ತಮಿಳಿನಲ್ಲೇ ಹೇಳತೊಡಗಿದಳು. ಎಲ್ಲ ಮುಗಿಯಿತು, ತೂರಿ ಮೂಟೆ ಕಟ್ಟಿಯೂ ಆಯಿತು, ಹೊಟ್ಟನ್ನು ಆಡುಗಳಿಗೆ ಹಾಕುತ್ತಿದ್ದೇವೆ, ಈ ಸಲ ಕಾಳು ಸಣ್ಣ ಎಂದು. ಸಲೀಸಾಗಿ, ಮುಗಿಯದ ಹಾಗೆ ಹೇಳಿದಳು. ನಾನೂ ಅಷ್ಟೇ ಸಲೀಸಾಗಿ ನಡುನಡುವೆ ಕೇಳುತ್ತಿದ್ದೆ. ಸೊಸೆ ಬಂದು ಲೋಟಕ್ಕೆ ಕಲರ್ ಸುರಿದಳು. ಅದು ಕೆಂಪಗಿತ್ತು, ಬೆಚ್ಚಗಿತ್ತು. ಮೂವರೂ ಒಳ್ಳೆಯ ನೆಂಟರ ಹಾಗೆ, ಮಧ್ಯಾಹ್ನ ಕಳೆಯುವವರೆಗೂ ಮಾತಾಡಿದೆವು.